ಪ್ರೊಸೆಸರ್ ಕೊಳ್ಳುವ ಮೊದಲು

ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿರುವ ಅಣ್ಣನ ಮಗ, “ಚಿಕ್ಕಪ್ಪ, ಗೇಮ್ ತಡವರಿಸುತ್ತೆ, ಹೊಸ ಪ್ರೊಸೆಸರ್ ಕೊಡಿಸಿ” ಎಂದ. ನಮ್ಮ ದಿರ್ಹಮ್ ಬೆವರಿನದು. ರೋಗ ತಿಳಿಯದೆ ಔಷಧ ಕೊಡಲಾರೆ. ಆಟದ ರೆಸಲ್ಯೂಶನ್ ತಗ್ಗಿಸಿ ನೋಡು ಎಂದೆ. ಫ್ರೇಮ್ ರೇಟ್ ಏರಿದರೆ ಅಡ್ಡಿ ಗ್ರಾಫಿಕ್ಸ್ ಕಾರ್ಡಿನದು. ಏರದಿದ್ದರೆ ಬಹುತೇಕ ಪ್ರೊಸೆಸರಿನದು. ಏರಲಿಲ್ಲ.

ಅವನದು 2019ರ ರೈಜನ್ 5 3600. ಅದೇ ಎಎಂ4 ಬೋರ್ಡಿಗೆ, ತಯಾರಕರ ಪಟ್ಟಿಯಲ್ಲಿದ್ದರೆ, ಬಯೋಸ್ ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಕೂರಿಸಬಹುದು. ಎಲ್3 ಕ್ಯಾಶ್ 32ರಿಂದ 96 ಎಂಬಿಗೆ ಏರುತ್ತದೆ. ಆಟಕ್ಕೆ ಬೇಕಾದ ಮಾಹಿತಿಗೆ ಪದೇಪದೇ ರ‍್ಯಾಮ್‌ವರೆಗೆ ಓಡಬೇಕಿಲ್ಲ. ಹೆಚ್ಚು ಹೋಗುವ ಮಾತ್ರೆಯನ್ನು ನಾವು ಕೈಗೆಟಕುವಲ್ಲೇ ಇಡುವುದಿಲ್ಲವೇ, ಹಾಗೆ. ಎಎಂ5ಕ್ಕೆ ಹೋದರೆ ಬೋರ್ಡು, ಡಿಡಿಆರ್5 ರ‍್ಯಾಮ್ ಎರಡಕ್ಕೂ ದುಡ್ಡು ಬೇಕು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕೊಳ್ಳುವ ಮುನ್ನ ತಿರುವಿ ನೋಡಿ: ಎಎಂ4 ಚಿಪ್‌ಗಳ ಪಿನ್ ಬೇಗ ಬಾಗುತ್ತವೆ.