ಜೋಷ್ನಾ ಹೆಸರಿನ ಹದಿನೆಂಟು: ದಾಖಲೆಯ ಸುತ್ತ ಬೆಳೆದ ನಂಬಿಕೆಗಳು

ಚೆನ್ನೈ ಸೆಂಟ್ರಲ್‌ನಿಂದ ಪೂನಮಲ್ಲಿ ಹೈರೋಡ್ ಹಿಡಿದು ಕೀಲ್ಪಾಕ್ ಕಡೆಗೆ ಬಂದರೆ ನೆಹರು ಪಾರ್ಕ್ ಸಿಗುತ್ತದೆ. ಇಂಡಿಯನ್ ಸ್ಕ್ವಾಷ್ ಅಕಾಡೆಮಿ ಇರುವುದು ಅಲ್ಲೇ. ಮಲೇಷ್ಯಾದ ಮೇಜರ್ ಮಣಿಯಂ ಮತ್ತು ನಮ್ಮವರೇ ಆದ ಸೈರಸ್ ಪೊಂಚಾ ಕೋಚ್‌ಗಳಾಗಿದ್ದ ಈ ಜಾಗದಲ್ಲಿ ಜೋಷ್ನಾ ಚಿಣ್ಣಪ್ಪ, ದೀಪಿಕಾ ಪಳ್ಳಿಕಲ್, ಸೌರವ್ ಘೋಷಾಲ್ ಪಳಗಿದರು. ಆಟ ಎಂದರೆ ಚೆಪಾಕ್‌ನ ಕ್ರಿಕೆಟ್ ಎನ್ನುವ ಊರು ಇದು. ಕೀಲ್ಪಾಕ್‌ನ ಈ ನಾಲ್ಕು ಗೋಡೆಗಳ ಒಳಗೆ ಇಣುಕಿದವರು ಕಡಿಮೆ. ಹೀಗಾಗಿ ಇಲ್ಲಿ ಬೆಳೆದವರ ಸಾಧನೆ ನಮ್ಮನ್ನು ತಲುಪುವುದು ಒಂದು ಸಾಲಿನ ಸುದ್ದಿಯಾಗಿ: ‘ಜೋಷ್ನಾಗೆ 18ನೇ ರಾಷ್ಟ್ರೀಯ ಪ್ರಶಸ್ತಿ’. ಸಂಖ್ಯೆ ಸರಿಯಾಗಿಯೇ ಇರುತ್ತದೆ. ಅದರಿಂದ ನಾವು ಮಾಡಿಕೊಳ್ಳುವ ಅರ್ಥ ಮಾತ್ರ ಅನೇಕ ಸಲ ತಪ್ಪಾಗಿರುತ್ತದೆ.

ನಂಬಿಕೆ: ಕೊಡಗಿನ ಹುಡುಗಿ, ಆದ್ದರಿಂದ ಇದು ಕರ್ನಾಟಕದ ದಾಖಲೆ.

ಚಿಣ್ಣಪ್ಪ ಎಂಬ ಹೆಸರು ಕಂಡ ಕೂಡಲೇ ಕನ್ನಡಿಗರ ಎದೆ ಉಬ್ಬುವುದು ಸಹಜ. ಮನೆತನ ಕೊಡಗಿನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಜೋಷ್ನಾ 1986ರಲ್ಲಿ ಹುಟ್ಟಿದ್ದು ಚೆನ್ನೈನಲ್ಲಿ, ಆಟ ಕಲಿತದ್ದು ಅಲ್ಲೇ, ರಾಷ್ಟ್ರೀಯ ಕೂಟಗಳಲ್ಲಿ ಪ್ರತಿನಿಧಿಸಿದ್ದು ತಮಿಳುನಾಡನ್ನು. ಆಟಗಾರನ ದಾಖಲೆ ಅವನು ಯಾರ ಪರ ಆಡಿದನೋ ಅವರ ಪುಸ್ತಕಕ್ಕೆ ಸೇರುತ್ತದೆ. ಅಜ್ಜನ ಊರಿಗೆ ಸೇರುವುದಿಲ್ಲ. 2024ರ ಪದ್ಮಶ್ರೀ ಪಟ್ಟಿಯಲ್ಲಿ ಕೊಡಗಿನ ಮೂಲದ ಇಬ್ಬರು ಕ್ರೀಡಾಪಟುಗಳಿದ್ದರು. ಟೆನಿಸ್‌ನ ರೋಹನ್ ಬೋಪಣ್ಣ ಹೆಸರಿನ ಮುಂದೆ ಕರ್ನಾಟಕ ಎಂದಿತ್ತು, ಜೋಷ್ನಾ ಹೆಸರಿನ ಮುಂದೆ ತಮಿಳುನಾಡು ಎಂದಿತ್ತು. ಹೆಮ್ಮೆ ಪಡಲು ಯಾರ ಅಡ್ಡಿಯೂ ಇಲ್ಲ, ಲೆಕ್ಕಕ್ಕೆ ಹಿಡಿಯುವಾಗ ಮಾತ್ರ ಕೈ ಬಿಗಿಹಿಡಿಯಬೇಕು.

ನಂಬಿಕೆ: ಹದಿನಾರನ್ನು ಹದಿನೇಳು ದಾಟಿತು, ಹಳೆಯ ದಾಖಲೆ ಅಳಿಸಿಹೋಯಿತು.

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಅಲ್ವಾರ್ ರಾಜಮನೆತನದ ಭುವನೇಶ್ವರಿ ಕುಮಾರಿ 1977ರಿಂದ 1992ರವರೆಗೆ ಹದಿನಾರು ಸಲ ಮಹಿಳೆಯರ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 2019ರಲ್ಲಿ ಪುಣೆಯಲ್ಲಿ ಜೋಷ್ನಾ 17ನೆಯದನ್ನು ಗೆದ್ದಾಗ ‘27 ವರ್ಷದ ದಾಖಲೆ ಧೂಳೀಪಟ’ ಎಂಬ ಧಾಟಿಯಲ್ಲಿ ಮಾತು ಹರಡಿತು. ಮರುವರ್ಷ ಚೆನ್ನೈನಲ್ಲೇ 18 ಆಯಿತು.

ಜೋಷ್ನಾ ದಾಟಿದ್ದು ಒಟ್ಟು ಸಂಖ್ಯೆಯನ್ನು. ಭುವನೇಶ್ವರಿ ಅವರ ಹೆಸರಿನಲ್ಲಿ ಇನ್ನೊಂದು ದಾಖಲೆ ಇದೆ, ಅದನ್ನು ಯಾರೂ ಮುಟ್ಟಿಲ್ಲ: ಅವರ ಹದಿನಾರೂ ಸತತ. ಹದಿನಾರು ವರ್ಷ ಒಂದೇ ಒಂದು ಸಲವೂ ಆ ಬಟ್ಟಲು ಬೇರೆಯವರ ಕೈಗೆ ಹೋಗಲಿಲ್ಲ. ಜೋಷ್ನಾ ಮೊದಲ ಸಲ ಗೆದ್ದದ್ದು 2000ದಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ. ಅಲ್ಲಿಂದ 2020ರವರೆಗೆ 18 ಎಂದರೆ ನಡುವೆ ಬಿಟ್ಟುಹೋದ ವರ್ಷಗಳಿವೆ. ಒಬ್ಬರದು ಬಿರುಕಿಲ್ಲದ ಒಂದೇ ಅವಧಿ, ಇನ್ನೊಬ್ಬರದು ಎರಡು ದಶಕ ದಾಟಿದ ಬಾಳಿಕೆ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಕಷ್ಟದ್ದು. ಹದಿನಾಲ್ಕರಲ್ಲಿ ಗೆದ್ದು ಮೂವತ್ತಮೂರರಲ್ಲೂ ಗೆಲ್ಲಲು ದೇಹ ಒಪ್ಪಬೇಕಲ್ಲ. ಆದರೆ ಅದು ನನ್ನ ಅಭಿಪ್ರಾಯ, ದಾಖಲೆಯ ಮಾತಲ್ಲ.

ಈ ಪಟ್ಟಿಗೆ ಇನ್ನೊಂದು ಮಗ್ಗುಲಿದೆ. ದೀಪಿಕಾ ಪಳ್ಳಿಕಲ್ ರಾಷ್ಟ್ರೀಯ ಪ್ರಶಸ್ತಿಗಳ ಪಟ್ಟಿಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಇದನ್ನು ನೋಡಿ ‘ಜೋಷ್ನಾ ಮುಂದೆ ದೀಪಿಕಾ ನಿಲ್ಲಲಾರರು’ ಎಂದು ತೀರ್ಮಾನಿಸಿದವರಿದ್ದಾರೆ. ವಾಸ್ತವ ಏನೆಂದರೆ, ಪುರುಷರಿಗೂ ಮಹಿಳೆಯರಿಗೂ ಬಹುಮಾನದ ಹಣದಲ್ಲಿ ತಾರತಮ್ಯ ಇದೆ ಎಂದು ಪ್ರತಿಭಟಿಸಿ ದೀಪಿಕಾ ಹಲವು ವರ್ಷ ಆ ಕೂಟಕ್ಕೇ ಕಾಲಿಡಲಿಲ್ಲ. ಬಹುಮಾನ ಸಮವಾದ ಮೇಲೆ 2016ರಲ್ಲಿ ಮರಳಿದರು, ಬಂದ ವರ್ಷವೇ ಗೆದ್ದರು. ವಿಶ್ವ ರ‍್ಯಾಂಕಿಂಗ್‌ನಲ್ಲಿ ಮೊದಲ ಹತ್ತರೊಳಗೆ ಬಂದ ಮೊದಲ ಭಾರತೀಯ ಮಹಿಳೆಯೂ ದೀಪಿಕಾ ಅವರೇ, 2012ರಲ್ಲಿ. ಜೋಷ್ನಾ ಆ ಮೆಟ್ಟಿಲು ಏರಿದ್ದು 2016ರಲ್ಲಿ. ಆಡದೆ ಬಿಟ್ಟ ವರ್ಷಕ್ಕೆ ದಾಖಲೆ ಪುಸ್ತಕದಲ್ಲಿ ಸಾಲು ಇರುವುದಿಲ್ಲ, ಬಿಟ್ಟದ್ದಕ್ಕೆ ಕಾರಣವಂತೂ ಇರುವುದೇ ಇಲ್ಲ.

ಇಬ್ಬರೂ ನೇರ ಎದುರಾದ ದೊಡ್ಡ ಪಂದ್ಯ 2017ರ ಏಪ್ರಿಲ್‌ನಲ್ಲಿ ಚೆನ್ನೈನಲ್ಲೇ ನಡೆದ ಏಷ್ಯನ್ ವೈಯಕ್ತಿಕ ಚಾಂಪಿಯನ್‌ಷಿಪ್ ಫೈನಲ್. ಜೋಷ್ನಾ ಗೆದ್ದು ಆ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. (ನೆಹರು ಪಾರ್ಕ್‌ಗೆ ಮೆಟ್ರೊ ಬಂದದ್ದು ಅದಾದ ಎರಡು ವಾರಕ್ಕೆ. ಅಕಾಡೆಮಿಯ ಹೆಸರು ಕೇಳದವರಿಗೂ ಈಗ ಆ ನಿಲ್ದಾಣದ ಹೆಸರು ಗೊತ್ತು.)

ನಂಬಿಕೆ: ಹೆಚ್ಚು ಅಂಕ ಗಳಿಸಿದವರೇ ಗೆದ್ದವರು, ಅಂದಿನ ಸ್ಕೋರನ್ನು ಇಂದಿನದಕ್ಕೆ ಹೋಲಿಸಬಹುದು.

ಎರಡೂ ಸುಳ್ಳು. ಸ್ಕ್ವಾಷ್‌ನಲ್ಲಿ ಐದು ಗೇಮ್‌ಗಳಲ್ಲಿ ಮೂರು ಗೆದ್ದವರಿಗೆ ಪಂದ್ಯ. ಒಬ್ಬಳು 11-2, 11-3ರಿಂದ ಮೊದಲೆರಡು ಗೇಮ್ ಗೆದ್ದು, ಮುಂದಿನ ಮೂರನ್ನೂ 9-11ರಿಂದ ಸೋತಳು ಎಂದುಕೊಳ್ಳಿ. ಕೂಡಿ ನೋಡಿದರೆ ಅವಳ ಅಂಕ 49, ಎದುರಾಳಿಯದು 38. ಮನೆಗೆ ಹೋಗುವವಳು ಮಾತ್ರ 49 ಗಳಿಸಿದವಳು.

ಹಳೆಯ ಸ್ಕೋರುಗಳ ವಿಷಯ ಇನ್ನೂ ಜಟಿಲ. ಭುವನೇಶ್ವರಿ ಅವರ ಕಾಲದಲ್ಲಿ ಗೇಮ್ ಒಂಬತ್ತು ಅಂಕಕ್ಕೆ, ಅದೂ ಸರ್ವ್ ಮಾಡಿದವರಿಗೆ ಮಾತ್ರ ಅಂಕ. ಸರ್ವ್ ಇಲ್ಲದವರು ರ‍್ಯಾಲಿ ಗೆದ್ದರೆ ಸರ್ವ್ ಕೈಗೆ ಬರುತ್ತಿತ್ತು, ಅಷ್ಟೆ. ಇಪ್ಪತ್ತು ನಿಮಿಷ ಬೆವರು ಹರಿಸಿದರೂ ಫಲಕದ ಮೇಲೆ 9-0 ಎಂದೇ ಇರಬಹುದಿತ್ತು. 2009ರಲ್ಲಿ ವಿಶ್ವ ಸ್ಕ್ವಾಷ್ ಫೆಡರೇಷನ್ ನಿಯಮ ಬದಲಿಸಿತು: ಪ್ರತಿ ರ‍್ಯಾಲಿಗೂ ಅಂಕ, ಗೇಮ್ ಹನ್ನೊಂದಕ್ಕೆ. ಜೋಷ್ನಾ ಅವರ ಆಟವೇ ಈ ಎರಡು ನಿಯಮಗಳ ನಡುವೆ ಹಂಚಿಹೋಗಿದೆ. 2005ರಲ್ಲಿ ಬ್ರಿಟಿಷ್ ಜೂನಿಯರ್ ಓಪನ್‌ನ 19 ವರ್ಷದೊಳಗಿನ ಪ್ರಶಸ್ತಿ ಗೆದ್ದ ಜೋಷ್ನಾ ಮತ್ತು 2019ರ ಜೋಷ್ನಾ ಅವರ ಸ್ಕೋರುಗಳನ್ನೇ ಪಕ್ಕಪಕ್ಕ ಇಟ್ಟು ತೂಗಲಾಗದು.

ನಂಬಿಕೆ: ದಾಖಲೆ ಎಂದರೆ ಒಂದೇ ಅಂಕಿ, ಅದನ್ನು ಎಣಿಸುವ ರೀತಿಯೂ ಒಂದೇ.

ಇದಕ್ಕೆ ಒಳ್ಳೆಯ ಉತ್ತರ ಸಿಗುವುದು ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ, ಅಂದರೆ ಹೆಲ್ಮೆಟ್ ತೊಟ್ಟು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಆಟದಲ್ಲಿ. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 1937ರಿಂದ ಪ್ರತಿ ಆಟಗಾರನ ಅಂಕಿ-ಅಂಶ ಇಟ್ಟುಕೊಂಡು ಬಂದಿದೆ. ಚೆಂಡು ಹಿಡಿದು ಓಡಿದ ಗಜಗಳನ್ನೂ ಬಿಡದೆ ಎಣಿಸುವ ಜನ ಅವರು. 1988ರಲ್ಲಿ ಓಕ್ಲಹೋಮ ಸ್ಟೇಟ್ ತಂಡದ ಬ್ಯಾರಿ ಸ್ಯಾಂಡರ್ಸ್ 11 ಪಂದ್ಯಗಳಲ್ಲಿ 2,628 ಗಜ ಓಡಿದ. ಋತುವಿನ ಕೊನೆಗೆ ನಡೆಯುವ ‘ಬೌಲ್’ ಪಂದ್ಯದಲ್ಲಿ ಇನ್ನೂ 222 ಗಜ ಓಡಿದ. ಆದರೆ ಆಗಿನ ನಿಯಮದಲ್ಲಿ ಬೌಲ್ ಪಂದ್ಯ ಲೆಕ್ಕಕ್ಕಿಲ್ಲ. 2002ರಿಂದ ಅದನ್ನೂ ಸೇರಿಸತೊಡಗಿದರು, ಹಳೆಯವರಿಗೆ ಮಾತ್ರ ಸೇರಿಸಲಿಲ್ಲ. 2024ರಲ್ಲಿ ಬಾಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ 14 ಪಂದ್ಯಗಳಲ್ಲಿ 2,601 ಗಜ ಓಡಿ ಸ್ಯಾಂಡರ್ಸ್‌ಗಿಂತ 27 ಗಜ ಹಿಂದೆ ಉಳಿದ. ‘ಕೂದಲೆಳೆಯಲ್ಲಿ ದಾಖಲೆ ತಪ್ಪಿತು’ ಎಂದರು. ಇಬ್ಬರಿಗೂ ಒಂದೇ ಅಳತೆಗೋಲು ಹಿಡಿದರೆ ಅಂತರ 27 ಅಲ್ಲ, 249.

ಅದೇ ಆಟದ ಇನ್ನೊಂದು ವಿಚಿತ್ರ: ಚೆಂಡು ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ಹಿಂದೆಯೇ ಸಿಕ್ಕಿಬಿದ್ದರೆ ಕಳೆದುಹೋದ ಗಜಗಳನ್ನು ಕಾಲೇಜು ಲೆಕ್ಕದಲ್ಲಿ ಅವನ ಓಟದಿಂದ ಕಳೆಯುತ್ತಾರೆ, ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ತಂಡದ ಎಸೆತದ ಗಜಗಳಿಂದ ಕಳೆಯುತ್ತಾರೆ. ಆಟ ಒಂದೇ, ಬಿದ್ದವನೂ ಒಬ್ಬನೇ.

ನಂಬಿಕೆ: ತಂಡ ಸೋತಿಲ್ಲ ಎಂದರೆ ಆಟಗಾರರೂ ಸೋತಿಲ್ಲ.

ನೆಹರು ಪಾರ್ಕ್‌ನಿಂದ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೋಗುವ ದಾರಿ ಈಗ ಚೆನ್ನಾಗಿ ಸವೆದಿದೆ. ವೇಲವನ್ ಸೆಂಥಿಲ್‌ಕುಮಾರ್ ಕೊಲಂಬಿಯಾ ವಿಶ್ವವಿದ್ಯಾಲಯದ ಪರ ಆಡಿದವರು. ಹಾಗೆ ಹೋಗಬಯಸುವ ಮಕ್ಕಳ ಮನೆಗಳಲ್ಲಿ ಅಮೆರಿಕದ ಟ್ರಿನಿಟಿ ಕಾಲೇಜಿನ ಹೆಸರು ಬಂದೇ ಬರುತ್ತದೆ. ಅದರ ಪುರುಷರ ಸ್ಕ್ವಾಷ್ ತಂಡ 1998ರಿಂದ ಸತತ 252 ಪಂದ್ಯ ಗೆದ್ದು, 2012ರ ಜನವರಿಯಲ್ಲಿ ಯೇಲ್ ಎದುರು 5-4ರಿಂದ ಸೋತಿತು. ಅಲ್ಲಿ ಎರಡು ಕಾಲೇಜುಗಳ ನಡುವಿನ ಪಂದ್ಯ ಎಂದರೆ ಒಂಬತ್ತು ಜೋಡಿಗಳ ಒಂಬತ್ತು ಆಟ. ಐದು ಗೆದ್ದರೆ ತಂಡಕ್ಕೆ ಗೆಲುವು. ಅಂದರೆ ಗೆದ್ದ ತಂಡದಲ್ಲೂ ನಾಲ್ವರು ಸೋತು ಬಂದಿರಬಹುದು. 252 ಎಂಬುದು ತಂಡದ ಆಸ್ತಿ, ಅದನ್ನು ಯಾವ ಹುಡುಗನ ಅರ್ಜಿಯಲ್ಲೂ ಅವನ ಗೆಲುವಾಗಿ ಬರೆಯುವಂತಿಲ್ಲ.

ತಿರುವುಮುರುವೂ ನಿಜ. 2018ರ ಏಷ್ಯನ್ ಕ್ರೀಡಾಕೂಟದ ತಂಡ ವಿಭಾಗದ ಸೆಮಿಫೈನಲ್‌ನಲ್ಲಿ ಜೋಷ್ನಾ ಎಂಟು ಸಲದ ವಿಶ್ವ ಚಾಂಪಿಯನ್ ನಿಕೋಲ್ ಡೇವಿಡ್ ಅವರನ್ನು ಸೋಲಿಸಿದರು. ಪದಕ ಪಟ್ಟಿಯಲ್ಲಿ ಕಾಣುವುದು ‘ಭಾರತ ಮಹಿಳಾ ತಂಡ, ಬೆಳ್ಳಿ’ ಎಂದಷ್ಟೆ. ಜೋಡಿಯಾಟದ ಗೆಲುವಿನಲ್ಲಿ ಲೆಕ್ಕ ಮತ್ತೆ ಬೇರೆ: 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಜೋಷ್ನಾ-ದೀಪಿಕಾ ಗೆದ್ದ ಡಬಲ್ಸ್ ಚಿನ್ನ ದೇಶಕ್ಕೆ ಒಂದು, ಆಟಗಾರ್ತಿಯರಿಗೆ ತಲಾ ಒಂದು.

ನಂಬಿಕೆ: ಇಷ್ಟೆಲ್ಲ ಗೆದ್ದರೂ ಒಲಿಂಪಿಕ್ ಪದಕ ಇಲ್ಲ, ಹಾಗಾದರೆ ಏನು ಲಾಭ?

ಈ ಪ್ರಶ್ನೆ ಕೇಳುವವರಿಗೆ ಉತ್ತರ ಚಿಕ್ಕದು. ಜೋಷ್ನಾಗೆ ಮಾತ್ರವಲ್ಲ, ನಿಕೋಲ್ ಡೇವಿಡ್‌ಗೂ ಇಲ್ಲ, ಪಾಕಿಸ್ತಾನದ ಜಹಾಂಗೀರ್ ಖಾನ್‌ಗೂ ಇಲ್ಲ. ಅವರು ಆಡುತ್ತಿದ್ದ ಕಾಲದ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷ್ ಪದಕವೇ ಇರಲಿಲ್ಲ. 2023ರ ಅಕ್ಟೋಬರ್ 16ರಂದು ಮುಂಬೈನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಸ್ಕ್ವಾಷ್‌ಗೆ ಒಪ್ಪಿಗೆ ಕೊಟ್ಟಿತು. ಅದೇ ನಿರ್ಣಯದಲ್ಲಿ ಕ್ರಿಕೆಟ್, ಲ್ಯಾಕ್ರೋಸ್, ಬೇಸ್‌ಬಾಲ್-ಸಾಫ್ಟ್‌ಬಾಲ್, ಜೊತೆಗೆ ಅಮೆರಿಕನ್ ಫುಟ್‌ಬಾಲ್‌ನ ಸೌಮ್ಯ ರೂಪವಾದ ಫ್ಲ್ಯಾಗ್ ಫುಟ್‌ಬಾಲ್ ಕೂಡ ಸೇರಿದವು. ಸ್ಕ್ವಾಷ್‌ನ ಮೊದಲ ಒಲಿಂಪಿಕ್ ಪದಕಗಳು ಇತ್ಯರ್ಥವಾಗುವುದು 2028ರ ಲಾಸ್ ಏಂಜಲೀಸ್‌ನಲ್ಲಿ.