ಹಾಲಿನ ಚೀಟಿ ಎಸೆಯಬೇಡಿ, ಓದಿ



ಸಂಘಕ್ಕೆ ಹಾಲು ಹಾಕಿದ ಮೇಲೆ ಕೈಗೆ ಒಂದು ಚಿಕ್ಕ ಚೀಟಿ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದರಲ್ಲಿ ದುಡ್ಡಿನ ಸಾಲು ಮಾತ್ರ ನೋಡುತ್ತಾರೆ. ಆಮೇಲೆ ಅದು ಒಲೆಗೋ ಕಸಕ್ಕೋ ಹೋಗುತ್ತದೆ. ಆದರೆ ಆ ಚೀಟಿ ಒಂದು ದೊಡ್ಡ ಮಾಹಿತಿ ವ್ಯವಸ್ಥೆಯ ಮೊದಲ ತುದಿ. ಅದನ್ನು ಓದಲು ಬಂದರೆ ನಿಮ್ಮ ದುಡ್ಡೂ ಉಳಿಯುತ್ತದೆ, ಹಸುವೂ ಉಳಿಯುತ್ತದೆ.

ಮಾಹಿತಿ ವ್ಯವಸ್ಥೆ ಎಂದರೇನು?

ಹೆಸರು ದೊಡ್ಡದು, ಕೆಲಸ ನಿಮಗೆ ಗೊತ್ತಿರುವುದೇ. ಸ್ತ್ರೀಶಕ್ತಿ ಸಂಘದಲ್ಲಿ ಯಾರು ಎಷ್ಟು ಉಳಿತಾಯ ಕಟ್ಟಿದರು ಎಂದು ಪುಸ್ತಕದಲ್ಲಿ ಬರೆಯುತ್ತೀರಿ, ತಿಂಗಳ ಕೊನೆಗೆ ಕೂಡಿಸುತ್ತೀರಿ, ಅದನ್ನು ನೋಡಿ ಯಾರಿಗೆ ಸಾಲ ಕೊಡಬೇಕೆಂದು ತೀರ್ಮಾನಿಸುತ್ತೀರಿ. ಬರೆಯುವುದು, ಕೂಡಿಸುವುದು, ತೀರ್ಮಾನಿಸುವುದು: ಮಾಹಿತಿ ವ್ಯವಸ್ಥೆ ಎಂದರೆ ಇಷ್ಟೇ. ಹಾಲಿನ ಸಂಘದಲ್ಲಿ ಪುಸ್ತಕದ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಹಳ್ಳಿ ಹಳ್ಳಿಯ ಲೆಕ್ಕ ಸೇರಿದಾಗ, ಯಾವ ದಾರಿಗೆ ಎಷ್ಟು ವಾಹನ ಬೇಕು, ಎಷ್ಟು ಹಾಲು ಪ್ಯಾಕೆಟ್ಟಿಗೆ, ಎಷ್ಟು ಮೊಸರಿಗೆ ಎಂದು ಮೈಸೂರಿನ ಡೇರಿಯಲ್ಲಿ ತೀರ್ಮಾನಿಸಬಹುದು. ಅದೇ ಲೆಕ್ಕ ನಿಮಗೂ ಉಪಯೋಗಕ್ಕೆ ಬರಬೇಕು.

ಚೀಟಿ ಹೇಳುವ ಹಸುವಿನ ಆರೋಗ್ಯ

ಚೀಟಿಯಲ್ಲಿ ಲೀಟರ್ ಜೊತೆಗೆ ಎರಡು ಅಂಕಿ ಇರುತ್ತವೆ. ಫ್ಯಾಟ್ ಅಂದರೆ ಜಿಡ್ಡು. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ನೀರು, ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶ. ನಿಮ್ಮ ಹಾಲಿನ ದರ ಈ ಎರಡನ್ನೂ ಅವಲಂಬಿಸಿದೆ.

4.0 ಬರುತ್ತಿದ್ದ ಜಿಡ್ಡು 3.4ಕ್ಕೆ ಇಳಿಯಿತು ಎಂದುಕೊಳ್ಳಿ. ಹುಲ್ಲು ಕಡಿಮೆಯಾಗಿ ಹಿಂಡಿ, ಬೂಸಾ ಜಾಸ್ತಿಯಾಯಿತೇ ನೋಡಿ. ರಾಗಿ ಹುಲ್ಲಿನಂಥ ನಾರಿನ ಮೇವು ಕಡಿಮೆಯಾದರೆ ಜಿಡ್ಡು ಬೀಳುತ್ತದೆ. ಇನ್ನೊಂದು ಕಾರಣ: ಕೊನೆಯಲ್ಲಿ ಬರುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಕರುವಿಗೆ ಯಾವಾಗಲೂ ಕೊನೆಯ ಹಾಲನ್ನೇ ಬಿಟ್ಟರೆ ಕ್ಯಾನಿಗೆ ತೆಳು ಹಾಲು ಬರುತ್ತದೆ.

ಎಸ್‌ಎನ್‌ಎಫ್ ಇಳಿದಾಗ ನಾನು ಹೆಚ್ಚಾಗಿ ಕೇಳುವ ಮಾತು: 'ಒಂದು ತೊಟ್ಟು ನೀರು ಹಾಕಿಲ್ಲ ಡಾಕ್ಟ್ರೇ, ಆದ್ರೂ ಅಂಕಿ ಬರ್ತಿಲ್ಲ.' ಈ ಮಾತು ನಿಜವಿರಬಹುದು. ಹಸುವಿಗೆ ಮೇವು ಸಾಲದಿದ್ದರೂ ಎಸ್‌ಎನ್‌ಎಫ್ ಇಳಿಯುತ್ತದೆ. ಕೆಚ್ಚಲು ಬಾವು ಒಳಗೊಳಗೇ ಶುರುವಾಗಿದ್ದರೂ ಇಳಿಯುತ್ತದೆ. ಆ ಹಂತದಲ್ಲಿ ಕೆಚ್ಚಲು ಊದಿರುವುದಿಲ್ಲ, ಹಾಲು ಒಡೆದಿರುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಚೀಟಿ ಮಾತ್ರ ಹೇಳುತ್ತದೆ. ಆಗಲೇ ಪರೀಕ್ಷೆ ಮಾಡಿಸಿದರೆ ಮೊಲೆ ಬತ್ತಿಹೋಗುವುದನ್ನು ತಪ್ಪಿಸಬಹುದು.

ಒಂದು ದಿನದ ಅಂಕಿಗೆ ಹೆದರಬೇಡಿ. ಬೆಳಿಗ್ಗೆಯ ಹಾಲಿಗೂ ಸಂಜೆಯ ಹಾಲಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಬೆಳಿಗ್ಗೆಯದನ್ನು ಬೆಳಿಗ್ಗೆಯದಕ್ಕೇ ಹೋಲಿಸಿ. ನಾಲ್ಕು ದಿನ ಸತತವಾಗಿ ಇಳಿದರೆ ಕಾರಣ ಹುಡುಕಿ. ಎರಡು ಮೂರು ಹಸುಗಳ ಹಾಲು ಒಂದೇ ಕ್ಯಾನಿಗೆ ಹೋಗುತ್ತಿದ್ದರೆ, ಪ್ರತಿ ಹಸುವಿನ ಹಾಲನ್ನು ಬೇರೆ ಬೇರೆಯಾಗಿ ಒಮ್ಮೆ ಪರೀಕ್ಷಿಸಿಕೊಡಿ ಎಂದು ಸಂಘದಲ್ಲಿ ಕೇಳಿ.

ಕಿವಿಯೋಲೆ: ಹಸುವಿನ ಆಧಾರ್

ಹಸುವಿನ ಕಿವಿಯೋಲೆಯ 12 ಅಂಕಿಯ ನಂಬರ್ 'ಭಾರತ್ ಪಶುಧನ್' ಎಂಬ ದೇಶವ್ಯಾಪಿ ದಾಖಲೆಗೆ ಬೀಗದ ಕೈ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆ ಎಲ್ಲವನ್ನೂ ಆ ನಂಬರಿನ ಮೇಲೆ ಬರೆಯಲಾಗುತ್ತದೆ. ವಿಮೆಯ ಹಣ ಕೇಳುವಾಗಲೂ ಮೊದಲು ನೋಡುವುದು ಓಲೆಯನ್ನೇ. ಓಲೆ ಬಿದ್ದುಹೋದರೆ ಕೂಡಲೇ ತಿಳಿಸಿ, ಹೊಸದು ಹಾಕಿಸಿ, ಹೊಸ ನಂಬರ್ ವಿಮೆಯಲ್ಲೂ ಬದಲಾಯಿತೇ ಎಂದು ಕೇಳಿ.

ದಿನಾಂಕ ಬರೆದಿಟ್ಟರೆ ಎಷ್ಟು ಉಪಯೋಗ ನೋಡಿ. ಜೂನ್ 1ಕ್ಕೆ ಗರ್ಭಧಾರಣೆ ಮಾಡಿಸಿದರೆ, ಜೂನ್ 22ರ ಆಸುಪಾಸಿನಲ್ಲಿ ಮತ್ತೆ ಬೆದೆಗೆ ಬಂತೇ ಗಮನಿಸಬೇಕು. ಸೆಪ್ಟೆಂಬರ್ ಮೊದಲಲ್ಲಿ ಗಬ್ಬದ ಪರೀಕ್ಷೆ. ಜನವರಿ ಮೊದಲ ವಾರದಲ್ಲಿ ಹಾಲು ಬತ್ತಿಸುವುದು. ಮಾರ್ಚ್ ಎರಡನೇ ವಾರಕ್ಕೆ ಕರು. ಒಂದು ಬೆದೆ ತಪ್ಪಿದರೆ 21 ದಿನ ದಂಡ, ಅಷ್ಟು ದಿನದ ಮೇವೂ ದಂಡ.

ಲೆಕ್ಕ ಯಾರ ಹೆಸರಿನಲ್ಲಿದೆ?

ಕೊಟ್ಟಿಗೆ ಗುಡಿಸುವವರು, ಹಾಲು ಕರೆಯುವವರು ಯಾರು ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸದಸ್ಯತ್ವದ ನಂಬರ್ ಮಾತ್ರ. ಬಟವಾಡೆಯಾಗಲಿ, ಸರ್ಕಾರದ ಪ್ರೋತ್ಸಾಹಧನವಾಗಲಿ, ಆ ನಂಬರಿಗೆ ಸೇರಿದ ಬ್ಯಾಂಕ್ ಖಾತೆಗೇ ಹೋಗುತ್ತದೆ. ಮನೆಯಲ್ಲಿ ಮಾತಾಡಿಕೊಂಡು, ದುಡಿಯುವವರ ಹೆಸರಿನಲ್ಲೇ ಸದಸ್ಯತ್ವ ಇರುವಂತೆ ನೋಡಿಕೊಳ್ಳಿ. ನಾಳೆ ಸಂಘದ ಸಭೆಯಲ್ಲಿ ಮತ ಹಾಕುವ ಹಕ್ಕೂ ಅದರ ಜೊತೆಗೇ ಬರುತ್ತದೆ.

ಈ ವಾರ ಮಾಡಬೇಕಾದ್ದು

1. ಚೀಟಿಗಳನ್ನು ಒಂದು ತಂತಿಗೆ ಚುಚ್ಚಿಡಿ. ಶಾಯಿ ಮಾಸುವ ಮೊದಲು ಲೀಟರ್, ಜಿಡ್ಡು, ಎಸ್‌ಎನ್‌ಎಫ್ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ.

2. ಚೀಟಿಯ ಮೇಲಿನ ನಂಬರ್ ನಿಮ್ಮದೇ ಹೌದೇ, ಅಳತೆ ಸರಿಯೇ ಎಂದು ಅಲ್ಲೇ ನೋಡಿ. ತಪ್ಪು ಕಂಡರೆ ಆಗಲೇ ಕೇಳಿ. ಕೇಳುವುದು ಜಗಳವಲ್ಲ, ಸದಸ್ಯರ ಹಕ್ಕು.

3. ವಾರದ ಚೀಟಿಗಳ ಮೊತ್ತ ಕೂಡಿಸಿ, ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ.

4. ಪ್ರತಿ ಹಸುವಿಗೆ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬಿಡಿ: ಓಲೆಯ ನಂಬರ್, ಬೆದೆ, ಗರ್ಭಧಾರಣೆ, ಲಸಿಕೆ, ಕರು ಹಾಕಿದ ದಿನ.

ಹಸುವಿಗೆ ಹುಷಾರಿಲ್ಲದಾಗ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ವೈದ್ಯರು ಬಂದಾಗ ಆ ನೋಟ್‌ಬುಕ್ ಕೈಗೆ ಕೊಡಿ. ಅರ್ಧ ಕಾಯಿಲೆ ನಮಗೆ ಅಲ್ಲೇ ಗೊತ್ತಾಗುತ್ತದೆ.