ಬಸುರಿ, ಬಾಣಂತಿ, ಆಫೀಸಿಗೆ ಹೋಗೋ ಅಮ್ಮ: ಯಾವ ಹಂತಕ್ಕೆ ಎಷ್ಟು ವ್ಯಾಯಾಮ?

ಮಗು ತೊಡೆ ಮೇಲೆ ಮಲಗಿರುವಾಗ ಸೌಂಡ್ ಹಾಕಿ ವಿಡಿಯೋ ನೋಡೋಕೆ ಆಗಲ್ಲ ಅಂತ ತುಂಬಾ ಜನ ಹೇಳಿದ್ರಿ. ಹಾಗಾಗಿ ಈ ವಾರದ ಮಾತನ್ನ ಸ್ವಲ್ಪ ತಿದ್ದಿ, ಜೋಡಿಸಿ ಇಲ್ಲಿ ಬರಹದಲ್ಲಿ ಕೊಡ್ತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಹಾಸನದ ಕಡೆಯವಳು, ಮದುವೆಯಾದ ಮೇಲೆ ಚೆನ್ನೈಗೆ ಬಂದು ಪುರಸೈವಾಕ್ಕಂನಲ್ಲಿ ಮನೆ ಮಾಡಿದ್ದೀವಿ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಎರಡು ಮಕ್ಕಳು, ಎರಡೂ ಸಿಸೇರಿಯನ್. ಡಾಕ್ಟರು, ಫಿಸಿಯೋಥೆರಪಿಸ್ಟ್ ಹತ್ರ ಕೇಳಿ ತಿಳ್ಕೊಂಡಿದ್ದು, ಓದಿದ್ದು, ಮಾಡಿ ನೋಡಿದ್ದು ಇಲ್ಲಿದೆ. ನಿಮ್ಮ ದೇಹದ ಕೊನೆ ಮಾತು ನಿಮ್ಮ ಡಾಕ್ಟರದ್ದೇ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ವಿಷಯ ಸ್ವಲ್ಪ ಹೆಚ್ಚು ಕಷ್ಟ. ಒಂದು ಕಡೆ ಊರಿಂದ ಫೋನು: "ಸುಮ್ನೆ ಮಲಗಿರು, ಅಲ್ಲಾಡಬೇಡ." ಇನ್ನೊಂದು ಕಡೆ ಮೊಬೈಲಲ್ಲಿ ರೀಲ್ಸು: "ಆರು ವಾರದಲ್ಲಿ ಹೊಟ್ಟೆ ಕರಗಿಸಿ." ಎರಡನ್ನೂ ಕೇಳಿದ್ರೆ ಕೆಡೋದು ನಾವೇ. ಫಿಟ್ ಆಗಿರೋದು ಅಂದ್ರೆ ಹಳೇ ಜೀನ್ಸ್ ಹಿಡಿಸೋದಲ್ಲ. ಸೀನಿದಾಗ ಮೂತ್ರ ಸೋರಬಾರದು, ಹತ್ತು ಕೆಜಿ ಮಗು ಎತ್ಕೊಂಡು ಎರಡು ಮಹಡಿ ಹತ್ತಿದ್ರೆ ಸೊಂಟ ಹಿಡೀಬಾರದು, ಶುಗರ್ರು, ಹಿಮೋಗ್ಲೋಬಿನ್ನು ಹದದಲ್ಲಿರಬೇಕು. ನನ್ನ ಲೆಕ್ಕದಲ್ಲಿ ಫಿಟ್ ಅಂದ್ರೆ ಇಷ್ಟೇ.

ಬಸುರಿಗೆ ಮುಂಚೆ

ಇದನ್ನ ಚಿಕ್ಕದಾಗಿ ಮುಗಿಸ್ತೀನಿ. ಮಗು ಬೇಕು ಅಂತ ತೀರ್ಮಾನಿಸಿದ ಕೂಡಲೇ ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಮೂರೂ ನೋಡಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಓದಿದವರು, ಸಂಬಳ ತರೋರು ಅಂತ ನಾವೇನೂ ಹೊರಗಿಲ್ಲ. ಫೋಲಿಕ್ ಆಸಿಡ್ ಮಾತ್ರೆ ಬಸುರಿಗೆ ಒಂದು ತಿಂಗಳಾದರೂ ಮುಂಚೆಯೇ ಶುರುವಾಗಬೇಕು. ದಿನಾ ಅರ್ಧ ಗಂಟೆ ನಡೆಯೋ ಅಭ್ಯಾಸ ಈಗಲೇ ಮಾಡ್ಕೊಂಡ್ರೆ ಆಮೇಲೆ ಅದೇ ಕೈ ಹಿಡಿಯುತ್ತೆ.

ಬಸುರಲ್ಲಿ: ವಾರಕ್ಕೆ 150 ನಿಮಿಷ

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಬಸುರಿ, ಬಾಣಂತಿಯರನ್ನೂ ಸೇರಿಸಿದೆ. ತೊಂದರೆ ಇಲ್ಲದ ಬಸುರಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ. ಅಂದ್ರೆ ದಿನಕ್ಕೆ ಅರ್ಧ ಗಂಟೆ, ಐದು ದಿನ. ಮಧ್ಯಮ ಅಂದ್ರೆ ಎಷ್ಟು? ನಡೀತಾ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟೇ ಅಳತೆ, ವಾಚ್ ಬೇಕಾಗಿಲ್ಲ.

ಎಲ್ಲಿ ನಡೆಯೋದು ಅನ್ನೋದು ನಮ್ಮ ಏರಿಯಾದ ದೊಡ್ಡ ಪ್ರಶ್ನೆ. ಪುರಸೈವಾಕ್ಕಂ ಹೈ ರೋಡಲ್ಲಿ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಫುಟ್‌ಪಾತ್ ಮೇಲೆ ಮತ್ತೊಂದು ಸಾಲು ಅಂಗಡಿ, ಅದರ ಜೊತೆಗೆ ಮೆಟ್ರೊ ಕೆಲಸ. ಏಳು ತಿಂಗಳ ಹೊಟ್ಟೆ ಹೊತ್ಕೊಂಡು ಅಲ್ಲಿ ವಾಕಿಂಗ್ ಆಗಲ್ಲ, ಬರೀ ತಪ್ಪಿಸ್ಕೊಳ್ಳೋದೇ ಆಗುತ್ತೆ. ನಾನು ಬೆಳಿಗ್ಗೆ ಗಂಗಾಧೀಶ್ವರರ್ ದೇವಸ್ಥಾನದ ಪ್ರಾಕಾರದಲ್ಲಿ ಸುತ್ತು ಹಾಕ್ತಿದ್ದೆ, ಸಂಜೆ ಮನೆಯ ತಾರಸಿ ಮೇಲೆ. ಪ್ರದಕ್ಷಿಣೆಗೆ ಪ್ರದಕ್ಷಿಣೆ, ವಾಕಿಂಗಿಗೆ ವಾಕಿಂಗ್. ಒಂದು ಎಚ್ಚರ: ಚೆನ್ನೈ ಬೇಸಿಗೆಯಲ್ಲಿ, ಅದರಲ್ಲೂ ಕತ್ತರಿ ಬಿಸಿಲಿನ ದಿನಗಳಲ್ಲಿ ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಆರರ ಮೇಲೆ ಮಾತ್ರ. ಮೈ ತುಂಬಾ ಬಿಸಿಯಾಗೋದು, ನೀರು ಕಡಿಮೆಯಾಗೋದು ಬಸುರಿಗೆ ಒಳ್ಳೇದಲ್ಲ.

ಬಸುರಲ್ಲಿ ರಿಲ್ಯಾಕ್ಸಿನ್ ಅನ್ನೋ ಹಾರ್ಮೋನು ಕೀಲುಗಳ ಕಟ್ಟನ್ನ ಸಡಿಲ ಮಾಡುತ್ತೆ, ಹೊಟ್ಟೆ ಮುಂದಕ್ಕೆ ಬಂದು ತೂಕದ ಸಮತೋಲನ ಬದಲಾಗುತ್ತೆ. ಅದಕ್ಕೇ ಜಾರೋ, ಬೀಳೋ, ಎಗರೋ ವ್ಯಾಯಾಮ ಬೇಡ. ಮೊದಲ ಮೂರು ತಿಂಗಳಾದ ಮೇಲೆ ಅಂಗಾತ ಮಲಗಿ ಹೆಚ್ಚು ಹೊತ್ತು ಮಾಡೋ ವ್ಯಾಯಾಮ ಬಿಡಿ, ಕೊನೆ ಮೂರು ತಿಂಗಳು ಮಗ್ಗುಲಾಗಿ ಮಲಗಿ. ರಕ್ತ ಕಾಣಿಸಿದ್ರೆ, ನೀರು ಹೋದ್ರೆ, ತಲೆ ಸುತ್ತಿದ್ರೆ, ಎದೆ ನೋವು ಬಂದ್ರೆ, ತೀವ್ರ ತಲೆನೋವು ಬಂದು ಕಣ್ಣು ಮಂಜಾದ್ರೆ, ಒಂದೇ ಮೀನಖಂಡ ಊದಿ ನೋವಾದ್ರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಪ್ಲಸೆಂಟಾ ಕೆಳಗಿದೆ, ಬಿಪಿ ಜಾಸ್ತಿ, ಅವಧಿಗೆ ಮುಂಚೆ ನೋವು ಬರೋ ಅಪಾಯ ಇದೆ ಅಂತ ಹೇಳಿದ್ದರೆ ಕೇಳದೆ ಏನೂ ಶುರು ಮಾಡಬೇಡಿ.

"ಇಬ್ಬರ ಊಟ ಮಾಡು" ಅನ್ನೋ ಮಾತೂ ಲೆಕ್ಕಕ್ಕೆ ನಿಲ್ಲಲ್ಲ. ಐಸಿಎಂಆರ್ ಲೆಕ್ಕದಲ್ಲಿ ಬಸುರಿಗೆ ಬೇಕಾದ ಹೆಚ್ಚುವರಿ ಶಕ್ತಿ ದಿನಕ್ಕೆ 350 ಕ್ಯಾಲೊರಿ. ಹೆಚ್ಚು ಕಡಿಮೆ ಎರಡು ಚಪಾತಿ, ಒಂದು ಬಟ್ಟಲು ತೊವ್ವೆ.

ಬಸುರಿನ ಶುಗರ್: ಚೆನ್ನೈ ಕಲಿಸಿದ ಪಾಠ

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇದು ನನಗೇ ಬಂದಿತ್ತು. ನಮ್ಮಮ್ಮನಿಗೆ 45ಕ್ಕೆ ಶುಗರ್ ಶುರುವಾಯ್ತು. ನನಗೆ ಮೊದಲ ಬಸುರಿನ ಆರನೇ ತಿಂಗಳಲ್ಲಿ ಕಾಣಿಸ್ತು.

ನಮ್ಮ ದೇಶದಲ್ಲಿ ಬಸುರಿಯರಿಗೆ ಮಾಡೋ ಒಂದು ಸರಳ ಪರೀಕ್ಷೆ ಇದೆ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ ಒಂದೇ ಸಲ ರಕ್ತ. 140 ಅಥವಾ ಮೇಲಿದ್ರೆ ಬಸುರಿನ ಶುಗರ್. ಖಾಲಿ ಹೊಟ್ಟೇಲಿ ಬರಬೇಕಿಲ್ಲ, ದೂರದಿಂದ ಬಸ್ಸಲ್ಲಿ ಬಂದವರೂ ಅವತ್ತೇ ಮಾಡಿಸಿ ಹೋಗಬಹುದು. ಈ ವಿಧಾನದ ಹಿಂದೆ ಇದ್ದವರು ಚೆನ್ನೈನವರೇ ಆದ ಡಾ. ವಿ. ಶೇಷಯ್ಯ. ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ಹುಟ್ಟುಹಬ್ಬ ಮಾರ್ಚ್ 10ನ್ನ ದೇಶದಲ್ಲಿ ಬಸುರಿನ ಮಧುಮೇಹ ಜಾಗೃತಿ ದಿನ ಅಂತ ಆಚರಿಸ್ತಾರೆ. ಮೊದಲ ಭೇಟಿಯಲ್ಲಿ ಒಮ್ಮೆ, ಅದು ಸರಿ ಇದ್ದರೂ 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ ಮಾಡಿಸಬೇಕು.

ಯಾಕೆ ಬರುತ್ತೆ? ಮಗುವಿಗೆ ಸಕ್ಕರೆ ಸಾಲದೇ ಹೋಗಬಾರದು ಅಂತ ಪ್ಲಸೆಂಟಾ ಬಿಡೋ ಹಾರ್ಮೋನುಗಳು ಅಮ್ಮನ ದೇಹದಲ್ಲಿ ಇನ್ಸುಲಿನ್ ಕೆಲಸವನ್ನ ಮಂದ ಮಾಡುತ್ವೆ. ಹೆಚ್ಚಿನವರ ದೇಹ ಇನ್ನಷ್ಟು ಇನ್ಸುಲಿನ್ ಮಾಡಿ ಸರಿದೂಗಿಸುತ್ತೆ. ಕೆಲವರಿಗೆ ಅದು ಆಗಲ್ಲ. ಇಲ್ಲೇ ನಡಿಗೆಯ ಕೆಲಸ ಬರೋದು. ಕಾಲಿನ ದೊಡ್ಡ ಸ್ನಾಯುಗಳು ಓಡಾಡುವಾಗ ರಕ್ತದ ಸಕ್ಕರೆಯನ್ನ ಹೆಚ್ಚು ಇನ್ಸುಲಿನ್ ಇಲ್ಲದೇನೇ ಎಳ್ಕೊಳ್ಳುತ್ತವೆ. ಅದಕ್ಕೇ ದಿನಕ್ಕೊಮ್ಮೆ ಉದ್ದಕ್ಕೆ ನಡೆಯೋದಕ್ಕಿಂತ ಪ್ರತಿ ಊಟದ ಮೇಲೆ 10–15 ನಿಮಿಷ ನಡೆಯೋದು ಊಟದ ನಂತರದ ಶುಗರಿಗೆ ಚೆನ್ನಾಗಿ ಹೊಂದುತ್ತೆ. "ನಡಂಗಮ್ಮಾ, ಸಾಪ್ಟಿಟ್ಟು ನಡಂಗ" ಅಂತ ನಮ್ಮ ಡಾಕ್ಟರಮ್ಮ ಪ್ರತಿ ಸಲ ಹೇಳೋರು. ಊಟ ಮಾಡಿ ನಡೀರಿ ಅಂತ.

ಅಮ್ಮನಿಗೆ ಇದು ಹಿಡಿಸಲೇ ಇಲ್ಲ. "ಉಂಡ ಮೇಲೆ ಬಸುರಿ ಓಡಾಡ್ತಾಳೇನೇ, ಕೂತ್ಕೊಳೇ" ಅಂತಿದ್ದರು. ಗ್ಲೂಕೋಮೀಟರಲ್ಲಿ ಅದೇ ಊಟಕ್ಕೆ ನಡೆದ ದಿನ, ನಡೆಯದ ದಿನ ಎರಡರ ನಂಬರೂ ಪಕ್ಕಪಕ್ಕ ತೋರಿಸಿದೆ. ಆಮೇಲೆ ಅವರೇ ಚಪ್ಪಲಿ ಹಾಕ್ಕೊಂಡು ಜೊತೆಗೆ ಬಂದರು. ಡಾಕ್ಟರ ಗುರಿ ಊಟವಾದ ಎರಡು ಗಂಟೆಗೆ 120ರೊಳಗೆ. ಊಟ, ನಡಿಗೆ ಎರಡರಿಂದಲೂ ಆಗದಿದ್ದರೆ ಔಷಧಿ ಕೊಡ್ತಾರೆ. ಇನ್ಸುಲಿನ್ ಬೇಕಾಯ್ತು ಅಂತ ಯಾರೂ ಸೋತಂತಲ್ಲ.

ಹೆರಿಗೆಯಾದ ಮೇಲೆ ಶುಗರ್ ಸಾಮಾನ್ಯವಾಗಿ ಇಳಿಯುತ್ತೆ, ನಾವೂ ಮರೀತೀವಿ. ಅಪಾಯ ಇರೋದು ಅಲ್ಲೇ. ಬಸುರಲ್ಲಿ ಶುಗರ್ ಬಂದವರಿಗೆ ಮುಂದೆ ಶಾಶ್ವತ ಮಧುಮೇಹ ಬರೋ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ 75 ಗ್ರಾಂ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಮಗುವಿನ ಲಸಿಕೆ ತಾರೀಖಿನ ಪಕ್ಕದಲ್ಲೇ ಇದನ್ನೂ ಕ್ಯಾಲೆಂಡರಲ್ಲಿ ಹಾಕಿಡಿ.

ಬಾಣಂತನದ ಆರು ವಾರ

ನಮ್ಮ ಬಾಣಂತನದಲ್ಲಿ ಒಳ್ಳೇದು ತುಂಬಾ ಇದೆ. ಬಾಣಂತಿಗೆ ಮನೆಕೆಲಸ ಇಲ್ಲ, ಬಿಸಿ ಊಟ, ಎಣ್ಣೆ ಸ್ನಾನ, ನಿದ್ದೆ. ದೇಹಕ್ಕೆ ಈ ವಿಶ್ರಾಂತಿ ಬೇಕೇ ಬೇಕು. ಆದರೆ ಎಲ್ಲವನ್ನೂ ಹಾಗೇ ತಗೋಬೇಕಾಗಿಲ್ಲ. "ನೀರು ಜಾಸ್ತಿ ಕುಡೀಬೇಡ, ಹೊಟ್ಟೆ ಬರುತ್ತೆ" ಅನ್ನೋದು ಸರಿಯಲ್ಲ. ಹಾಲೂಡೋ ತಾಯಿಗೆ ನೀರು ಹೆಚ್ಚು ಬೇಕು, ಚೆನ್ನೈ ಸೆಕೆಯಲ್ಲಿ ಇನ್ನೂ ಹೆಚ್ಚು. ಮುಚ್ಚಿದ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ ಮಗುವಿನ ಉಸಿರಿಗೆ ಕೆಟ್ಟದ್ದು. ಹೊಟ್ಟೆಗೆ ಬಟ್ಟೆ ಕಟ್ಟೋದು ಬೆನ್ನಿಗೆ ಆಸರೆಯಾಗುವಷ್ಟು ಸಡಿಲವಾಗಿದ್ರೆ ಆಗಬಹುದು, ಬಿಗಿದು ಕಟ್ಟಿದ್ರೆ ಒತ್ತಡ ಕೆಳಗಿನ ಸ್ನಾಯುಗಳ ಮೇಲೆ ಬೀಳುತ್ತೆ. ಹೊಟ್ಟೆ ಕರಗಿಸೋ ಶಕ್ತಿ ಬಟ್ಟೆಗಿಲ್ಲ. ಅಂಟಿನುಂಡೆ, ಇಲ್ಲಿಯವರ ಪ್ರಸವ ಲೇಗಿಯಂ ಎರಡರಲ್ಲೂ ಬೆಲ್ಲ, ತುಪ್ಪ ಧಾರಾಳ. ಶುಗರ್ ಇದ್ದವರು ಕೇಳಿಕೊಂಡು ತಿನ್ನಿ. ಮೊದಲ ಆರು ತಿಂಗಳು ಹಾಲೂಡೋ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಅಂತ ಐಸಿಎಂಆರ್ ಹೇಳುತ್ತೆ. ಈ ಹೊತ್ತಲ್ಲಿ ಡಯಟ್ ಮಾಡಬೇಡಿ. ಕಬ್ಬಿಣದ ಮಾತ್ರೆ ಹೆರಿಗೆಯಾದ ಮೇಲೂ ಆರು ತಿಂಗಳು ಇದೆ, ಅದನ್ನ ಕಾಫಿ, ಟೀ ಜೊತೆ ನುಂಗಬೇಡಿ.

ಪೂರ್ತಿ ಮಲಗಿರೋದೂ ಸರಿಯಲ್ಲ. ಹೆರಿಗೆಯಾದ ಆರು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಹೆಚ್ಚು. ಅದಕ್ಕೇ ಸಿಸೇರಿಯನ್ ಆದವರನ್ನೂ ಬೇಗ ಎಬ್ಬಿಸಿ ನಡೆಸ್ತಾರೆ. ನಮ್ಮಲ್ಲಿ ಇದು ಸಣ್ಣ ಗುಂಪಲ್ಲ. ಅದೇ ಸಮೀಕ್ಷೆಯಲ್ಲಿ ತಮಿಳುನಾಡಲ್ಲಿ ಶೇ. 44.9, ಕರ್ನಾಟಕದಲ್ಲಿ ಶೇ. 31.5 ಹೆರಿಗೆ ಸಿಸೇರಿಯನ್. ಹೊಲಿಗೆ ಇದ್ದವರು ಏಳುವಾಗ ಮೊದಲು ಮಗ್ಗುಲಾಗಿ, ಕೈಯೂರಿ ಏಳಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡೀರಿ. ಆರು ವಾರ ಮಗುವಿಗಿಂತ ಭಾರವಾದ್ದನ್ನ ಎತ್ತಬೇಡಿ. ನೀರಿನ ಕ್ಯಾನು, ದೊಡ್ಡ ಮಗು ಎರಡೂ ಇದರಲ್ಲಿ ಬಂತು.

ಈ ಹಂತದ ಮುಖ್ಯ ವ್ಯಾಯಾಮ ಯಾರ ಕಣ್ಣಿಗೂ ಕಾಣಲ್ಲ. ಸೊಂಟದ ಕೆಳಗೆ ಜೋಳಿಗೆ ಥರ ಸ್ನಾಯುಗಳಿವೆ, ಮೂತ್ರಕೋಶ, ಗರ್ಭಕೋಶ, ಗುದ ಮೂರನ್ನೂ ಹಿಡಿದಿರೋದು ಅದೇ. ಒಂಬತ್ತು ತಿಂಗಳು ಭಾರ ಹೊತ್ತು ಅದು ಜಗ್ಗಿರುತ್ತೆ, ಸಿಸೇರಿಯನ್ ಆದವರಿಗೂ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದಕ್ಕೆ ವ್ಯಾಯಾಮ ವಿವರಿಸಿದರು. ಗ್ಯಾಸ್, ಮೂತ್ರ ಎರಡನ್ನೂ ತಡೆಯೋ ಹಾಗೆ ಬಿಗಿದು ಐದು ಎಣಿಸಿ, ಪೂರ್ತಿ ಸಡಿಲಬಿಟ್ಟು ಐದು ಎಣಿಸಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬೇಡಿ, ಮೂತ್ರ ಮಾಡುವಾಗ ಇದನ್ನ ಅಭ್ಯಾಸ ಮಾಡಬೇಡಿ. ಹಾಲೂಡೋ ಹೊತ್ತಿಗೆ ಜೋಡಿಸಿಕೊಂಡ್ರೆ ಮರೆತುಹೋಗಲ್ಲ.

ಆರು ವಾರದಿಂದ ಆರು ತಿಂಗಳು

ಡಾಕ್ಟರ್ ನೋಡಿ ಸರಿ ಅಂದ ಮೇಲೆ ನಡಿಗೆ ಹೆಚ್ಚಿಸಿ. ಹೊಟ್ಟೆಯ ನಡುವಿನ ಸ್ನಾಯು ಎರಡು ಭಾಗವಾಗಿ ಬಿಟ್ಟುಕೊಂಡಿದೆಯಾ ನೋಡ್ಕೊಳ್ಳಿ. ಮೊಣಕಾಲು ಮಡಚಿ ಮಲಗಿ, ತಲೆ ಮಾತ್ರ ಸ್ವಲ್ಪ ಎತ್ತಿ, ಹೊಕ್ಕುಳ ಹತ್ರ ಬೆರಳಿಡಿ. ಎರಡು ಬೆರಳಿಗಿಂತ ಅಗಲ ಸಂದು ಇದ್ದರೆ, ಅಥವಾ ಏಳುವಾಗ ಹೊಟ್ಟೆ ನಡುವೆ ದಿಣ್ಣೆ ಥರ ಉಬ್ಬಿದರೆ ಸಿಟ್-ಅಪ್ಸ್, ಪ್ಲಾಂಕ್ ಬೇಡ. ಫಿಸಿಯೋಥೆರಪಿಸ್ಟ್ ನೋಡಿ. ಓಟ, ಜಂಪಿಂಗ್ ಮೂರು ತಿಂಗಳಿಗೆ ಮುಂಚೆ ಬೇಡ ಅಂತ ಫಿಸಿಯೋಗಳು ಹೇಳ್ತಾರೆ. ವ್ಯಾಯಾಮ ಮಾಡಿದ್ರೆ ಹಾಲು ಬತ್ತುತ್ತೆ ಅನ್ನೋದು ಸುಳ್ಳು.

ದೇಹದ ಜೊತೆ ಮನಸ್ಸೂ ಇದೆ. ಮೊದಲ ವಾರದ ಅಳು ತಾನಾಗಿ ಹೋಗುತ್ತೆ. ಎರಡು ವಾರ ಮೀರಿ ಬೇಸರ, ನಿದ್ದೆ ಇಲ್ಲದಿರೋದು, ಮಗು ಮೇಲೆ ಮನಸ್ಸೇ ಬಾರದಿರೋದು ಇದ್ದರೆ ಅದು ಸೋಮಾರಿತನ ಅಲ್ಲ, ಚಿಕಿತ್ಸೆ ಇರೋ ಕಾಯಿಲೆ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ. ಕಷ್ಟವನ್ನ ನಮ್ಮ ಭಾಷೇಲೇ ಹೇಳ್ಕೊಳ್ಳೋದು ಎಷ್ಟು ಹಗುರ ಅಂತ ಪರಊರಲ್ಲಿರೋ ನಮಗೆ ಗೊತ್ತು.

ಮತ್ತೆ ಆಫೀಸಿಗೆ

2017ರ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ, ಹೆರಿಗೆಗೆ ಮುಂಚೆ ಎಂಟು ವಾರದವರೆಗೆ ತಗೋಬಹುದು. 50 ಅಥವಾ ಹೆಚ್ಚು ಜನರಿರೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಇದು ಮ್ಯಾನೇಜರ್ ಮಾಡೋ ಉಪಕಾರ ಅಲ್ಲ.

ಪುರಸೈವಾಕ್ಕಂನಿಂದ ಓಎಂಆರ್ ಕಡೆ ಹೋಗಿ ಬರೋದ್ರಲ್ಲೇ ದಿನದ ದೊಡ್ಡ ಪಾಲು ಹೋಗುತ್ತೆ, ಜಿಮ್ಮಿಗೆ ಟೈಮ್ ಎಲ್ಲಿ? ನಾನು ಮಾಡಿದ್ದು ಇಷ್ಟು. ಪ್ರತಿ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಟ. ನಾನು ಮಾತಾಡಬೇಕಿಲ್ಲದ ಕಾಲ್‌ಗಳೆಲ್ಲ ನಿಂತ್ಕೊಂಡೇ. ಮಧ್ಯಾಹ್ನ ಊಟವಾದ ಮೇಲೆ ಹತ್ತು ನಿಮಿಷ ಕಾರಿಡಾರಲ್ಲಿ ನಡಿಗೆ. ಮನೇಲಿ ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ ಸ್ನಾಯು ಗಟ್ಟಿ ಮಾಡೋ ಕೆಲಸ: ಕುರ್ಚಿಯಿಂದ ಕೈಯೂರದೆ ಏಳೋದು, ಗೋಡೆ ತಳ್ಳೋದು, ಮಲಗಿ ಸೊಂಟ ಎತ್ತೋದು. ಆ ಇಪ್ಪತ್ತು ನಿಮಿಷ ಮಗು ಅಪ್ಪನ ಹತ್ರ. ಇದನ್ನ ಮನೇಲಿ ಮೊದಲೇ ಮಾತಾಡಿ ಗಟ್ಟಿ ಮಾಡ್ಕೊಳ್ಳಿ, ಇಲ್ಲದಿದ್ರೆ ಬೇರೆ ಯಾವ ಪ್ಲಾನೂ ನಡೆಯಲ್ಲ.

ನಲವತ್ತರ ಹತ್ತಿರ

ಮಕ್ಕಳು ಸ್ಕೂಲಿಗೆ ಹೋಗೋಕೆ ಶುರುವಾದಾಗ ನಮಗೆ ನಲವತ್ತು ಹತ್ತಿರವಾಗಿರುತ್ತೆ. ಮುಟ್ಟು ನಿಲ್ಲೋ ಹೊತ್ತಿಗೆ ಈಸ್ಟ್ರೋಜನ್ ಇಳಿದು ಮೂಳೆ ಬೇಗ ಸವೆಯುತ್ತೆ. ಬರೀ ವಾಕಿಂಗ್ ಸಾಲಲ್ಲ, ಭಾರ ಎತ್ತೋ ವ್ಯಾಯಾಮ ಬೇಕು. ಅಮ್ಮ, ಅತ್ತೆ ಮನೆಗೆ ಬಂದಾಗ ಅವರನ್ನೂ ಸೇರಿಸ್ಕೊಳ್ಳಿ. ನಮ್ಮಮ್ಮ ಈಗ ಬಂದಾಗೆಲ್ಲ ಊಟವಾದ ಕೂಡಲೇ ತಾರಸಿಗೆ ಹೊರಡ್ತಾರೆ, ನನ್ನನ್ನ ಕಾಯೋದೂ ಇಲ್ಲ.

ಈ ವಾರ ಒಂದೇ ಕೆಲಸ ಮಾಡಿ. ನೀವು ಯಾವ ಹಂತದಲ್ಲಿದ್ದೀರೋ ಆ ಭಾಗ ಮನೆಯವರಿಗೆ ಓದಿ ಹೇಳಿ. ಬಸುರಲ್ಲಿ ಶುಗರ್ ಬಂದಿದ್ದವರು ಮಾತ್ರ ಇನ್ನೊಂದು ಕೆಲಸ ಸೇರಿಸಿ: ಕಡೇ ಸಲ ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದು ಅಂತ ಹಳೇ ಫೈಲ್ ತೆಗೆದು ನೋಡಿ. ವರ್ಷ ದಾಟಿದ್ರೆ ನಾಳೆ ಬೆಳಿಗ್ಗೆಯೇ ಹೋಗಿ ಬನ್ನಿ.